ಮುಟ್ಟಿ ನೋಡಲಾಗದ ಸೀರೆಗೆ ಮಾತು ಬರೆಯುವ ಕ್ರಮ

ಇಳಕಲ್ಲಿನ ಅಂಗಡಿಯಲ್ಲಿ ಸೀರೆ ಕೊಳ್ಳಲು ಕುಳಿತ ಹೆಂಗಸು ವ್ಯಾಪಾರಿಯ ವರ್ಣನೆಗಾಗಿ ಕಾಯುವುದಿಲ್ಲ. ಸೆರಗನ್ನು ಬಿಚ್ಚಿಸುತ್ತಾಳೆ, ಒಡಲನ್ನು ಬೆರಳುಗಳ ನಡುವೆ ಹಿಸುಕಿ ನೋಡುತ್ತಾಳೆ, ದಡಿಯನ್ನು ಬೆಳಕಿಗೆ ಹಿಡಿಯುತ್ತಾಳೆ, ಬೆಲೆಯನ್ನು ಎರಡು ಸಲ ಹೇಳಿಸುತ್ತಾಳೆ. ಅದೇ ಸೀರೆಯನ್ನು ಜಾಲತಾಣದ ಮೂಲಕ ಮಾರಹೊರಟ ನೇಕಾರನಿಗಾಗಲಿ ಸಹಕಾರ ಸಂಘಕ್ಕಾಗಲಿ ಈ ಸೌಕರ್ಯಗಳಲ್ಲಿ ಒಂದೂ ಇಲ್ಲದ ಕಾರಣ, ಕೈಯೂ ಕಣ್ಣೂ ಮಾಡುತ್ತಿದ್ದ ಕೆಲಸದ ಬಹುಭಾಗವನ್ನು ಅಲ್ಲಿ ಅಕ್ಷರಗಳೇ ಮಾಡಬೇಕಾಗುತ್ತದೆ. ಹೀಗಿದ್ದೂ ಇಂತಹ ತಾಣಗಳನ್ನು ತೆರೆದವರಿಗೆ ಮೊಟ್ಟಮೊದಲು ಎದುರಾಗುವುದು ‘ನಮ್ಮ ಜಾಲತಾಣಕ್ಕೆ ಸುಸ್ವಾಗತ’ ಎಂಬ ಒಕ್ಕಣೆ, ಅದರ ಬೆನ್ನಿಗೆ ‘ಪರಂಪರೆ ಮತ್ತು ಗುಣಮಟ್ಟಗಳ ಅಪೂರ್ವ ಸಂಗಮ’ ಎಂಬಂಥ ಒಂದು ವಾಕ್ಯ. ಊದುಬತ್ತಿಗೂ ಉಪ್ಪಿನಕಾಯಿಗೂ ನಿವೇಶನಕ್ಕೂ ಸಮಾನವಾಗಿ ಒಪ್ಪುವ ಈ ವಾಕ್ಯದಿಂದ ಸೀರೆಯ ವಿಷಯವಾಗಿ ಯಾರಿಗೂ ಏನೂ ತಿಳಿಯುವುದಿಲ್ಲ.

ಬರೆಯುವುದಕ್ಕೆ ಮೊದಲು ಮಾಡತಕ್ಕ ಕೆಲಸವೊಂದುಂಟು. ದೂರವಾಣಿಯಲ್ಲಿಯೂ ವಾಟ್ಸ್‌ಆ್ಯಪಿನಲ್ಲಿಯೂ ಗಿರಾಕಿಗಳು ಕೇಳುವ ಪ್ರಶ್ನೆಗಳನ್ನು, ತಿದ್ದದೆ, ಅವರವರ ಮಾತಿನಲ್ಲಿಯೇ, ಕೆಲವು ವಾರಗಳ ಕಾಲ ಒಂದು ಪುಸ್ತಕದಲ್ಲಿ ಗುರುತು ಮಾಡಿಕೊಳ್ಳಿ. ‘ಮಗ್ಗದ್ದೋ, ಮಷಿನಿಂದೋ?’, ‘ಖಣ ಜೊತಿಗೇ ಬರ್ತದೇನ್ರಿ?’, ‘ಒಂಬತ್ತು ಗಜದ್ದು ಸಿಗ್ತದೇನು?’, ‘ಫೋಟೋದಾಗ ಕಾಣೋ ಬಣ್ಣನ ಬರ್ತದಲ್ಲ?’ ಇವೇ ಪುಟದ ನಿಜವಾದ ವಿಷಯಸೂಚಿ. ಹೆಚ್ಚು ಜನ ಕೇಳಿದ ಪ್ರಶ್ನೆಗೆ ಉತ್ತರ ಮೊದಲು ಬರಬೇಕು. ಯಾರೂ ಕೇಳದಿರುವ ಸಂಸ್ಥೆಯ ಇತಿಹಾಸಕ್ಕೆ ಬೇರೊಂದು ಪುಟವನ್ನು ಕೊಟ್ಟರೆ ಸಾಕು.

ಎರಡನೆಯ ಕೆಲಸ ಇದಕ್ಕಿಂತ ಕಠಿನವಾದದ್ದು, ಏಕೆಂದರೆ ಅದು ನಮಗೆ ತೀರ ಪರಿಚಿತವಾದುದನ್ನು ಹೊಸಬರ ಕಣ್ಣಿನಿಂದ ನೋಡಬೇಕಾದ ಕೆಲಸ. ಅಮೆರಿಕದ ಜಾಹೀರಾತು ಬರೆಹಗಾರ ಕ್ಲಾಡ್ ಹಾಪ್ಕಿನ್ಸ್ 1927ರಲ್ಲಿ ಪ್ರಕಟವಾದ ತನ್ನ ಆತ್ಮಕಥನದಲ್ಲಿ ಒಂದು ಪ್ರಸಂಗವನ್ನು ಹೇಳುತ್ತಾನೆ. ಷ್ಲಿಟ್ಜ್ ಎಂಬ ಬಿಯರ್ ಕಾರ್ಖಾನೆಗೆ ಹೋದ ಆತ, ಶೋಧಿಸಿದ ಗಾಳಿಯ ಕೊಠಡಿಗಳನ್ನೂ ಸೀಸೆಗಳನ್ನು ಮತ್ತೆಮತ್ತೆ ತೊಳೆಯುವ ವಿಧಾನವನ್ನೂ ಕಂಡು ಬೆರಗಾಗಿ, ಇದನ್ನೇಕೆ ಜನಕ್ಕೆ ತಿಳಿಸುವುದಿಲ್ಲವೆಂದು ಕೇಳಿದನಂತೆ. ಎಲ್ಲ ಕಾರ್ಖಾನೆಗಳವರೂ ಹೀಗೆಯೇ ಮಾಡುತ್ತಾರೆ ಎಂಬುದು ಅವರ ಉತ್ತರ. ಆದರೆ ಎಲ್ಲರೂ ಮಾಡುತ್ತಿದ್ದುದನ್ನು ಒಬ್ಬರೂ ಹೇಳಿರಲಿಲ್ಲ, ಹಾಪ್ಕಿನ್ಸ್ ಹೇಳಿದ. ಮಾರಾಟ ಏರಿತು.

ಇಳಕಲ್ಲಿನವರಿಗೂ ಇಂತಹುದೊಂದು ಸಂಗತಿ ಅಂಗೈಯಲ್ಲಿಯೇ ಇದೆ. ತೋಪುತೆನಿ ಸೆರಗಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ನೇಯ್ಗೆ ಸಾಗುವುದು. ಒಡಲು ಹತ್ತಿಯದಾಗಿದ್ದು ಸೆರಗು ರೇಷ್ಮೆಯದಾಗಿರಲು ಸಾಧ್ಯವಾಗುವುದು ಈ ಕೊಂಡಿಯಿಂದ. ಮಾರುಗಟ್ಟಲೆ ಹಾಸನ್ನು ಒಮ್ಮೆಗೇ ಹೂಡಿ ಸೀರೆಯ ಮೇಲೆ ಸೀರೆ ನೇಯಲಾಗದೆ ಒಂದೊಂದಕ್ಕೂ ಪ್ರತ್ಯೇಕವಾಗಿ ಅಣಿಮಾಡಬೇಕಾಗುವುದೂ ಇದರಿಂದಲೇ. ನೇಕಾರರ ಮನೆಯ ಮಕ್ಕಳಿಗೂ ಗೊತ್ತಿರುವ ಈ ವಿಷಯ ಮೈಸೂರಿನಲ್ಲೋ ಮಸ್ಕತ್ತಿನಲ್ಲೋ ಕುಳಿತು ಮೊಬೈಲು ನೋಡುತ್ತಿರುವ ಗೃಹಿಣಿಗೆ ತಿಳಿಯದು. ಬೆಲೆ ಏಕೆ ಹೆಚ್ಚು ಎಂಬ ಆಕೆಯ ಮೌನಪ್ರಶ್ನೆಗೆ, ಕೊಂಡಿಯ ಸಮೀಪಚಿತ್ರವೊಂದನ್ನೂ ಅದರ ಕೆಳಗೆ ಎರಡು ವಾಕ್ಯಗಳನ್ನೂ ಇಟ್ಟರೆ ಸಿಗುವ ಸಮಾಧಾನ ಹತ್ತು ವಿಶೇಷಣಗಳಿಂದ ಸಿಗಲಾರದು.

ಇನ್ನು ಬರೆಯುವ ರೀತಿ. ಜಾಲತಾಣಗಳ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 1997ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಶೇಕಡ 79 ಮಂದಿ ಹೊಸ ಪುಟವನ್ನು ಕಣ್ಣಾಡಿಸಿ ನೋಡಿದರೇ ಹೊರತು, ಪದಪದವಾಗಿ ಓದಿದವರು ಶೇಕಡ 16 ಮಾತ್ರ. ಈ ಲೇಖನದ ನೀಳವಾಕ್ಯಗಳು ಭಾನುವಾರದ ಪುರವಣಿಗೆ ಸಲ್ಲುವುವೇ ಹೊರತು ಸೀರೆಯ ಪುಟಕ್ಕೆ ಸರ್ವಥಾ ಸಲ್ಲವು. ಒಂದು ವಾಕ್ಯಕ್ಕೆ ಒಂದು ಸಂಗತಿ. ಪ್ರತಿ ಸಾಲಿನ ಮೊದಲ ಎರಡು ಮೂರು ಪದಗಳಲ್ಲಿಯೇ ಸಾರ. ಉದಾಹರಣೆಗೆ, ಸಾಮಾನ್ಯವಾಗಿ ಬರೆಯುವ ಬಗೆ ಇದು:

‘ಶತಮಾನಗಳ ಪರಂಪರೆಯ, ಮನಮೋಹಕ ವಿನ್ಯಾಸದ, ಉತ್ಕೃಷ್ಟ ಗುಣಮಟ್ಟದ ಇಳಕಲ್ ಸೀರೆಗಳು ಕೈಗೆಟಕುವ ದರದಲ್ಲಿ!’

ಬರೆಯಬೇಕಾದ ಬಗೆ ಇದು (ಬೆಲೆ ಮಾದರಿಗಾಗಿ ಮಾತ್ರ):

‘ಕೈಮಗ್ಗದ ಇಳಕಲ್ ಸೀರೆ, 3,200 ರೂಪಾಯಿ, ಅಂಚೆವೆಚ್ಚ ಸೇರಿ. ಒಡಲು ಹತ್ತಿ, ಸೆರಗು ರೇಷ್ಮೆ. ಗೋಮಿ ದಡಿ, ಕೆಂಪು ತೋಪುತೆನಿ ಸೆರಗು. ಉದ್ದ ಐದೂವರೆ ಮೀಟರು. ಖಣ ಸೇರಿಲ್ಲ, ಒಪ್ಪುವ ಗುಳೇದಗುಡ್ಡದ ಖಣಗಳು ಕೆಳಗಿವೆ. ಮೊದಮೊದಲು ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ. ಬಿಸಿಲಿನಲ್ಲಿ ತೆಗೆದ ಚಿತ್ರ. ಮನೆಯೊಳಗೆ ಬಣ್ಣ ತುಸು ಗಾಢವಾಗಿ ಕಾಣುತ್ತದೆ.’

ಕೊನೆಯ ವಾಕ್ಯವನ್ನು ಬರೆಯಲು ವ್ಯಾಪಾರಿಗಳು ಹಿಂಜರಿಯುತ್ತಾರೆ. ಆದರೆ ತನ್ನ ಸರಕಿನ ಸಣ್ಣ ಅನನುಕೂಲವನ್ನು ತಾನೇ ಹೇಳಿದವನ ಉಳಿದ ಮಾತುಗಳನ್ನು ಜನ ನಂಬುತ್ತಾರೆಂಬುದು ನನ್ನ ದೃಢವಾದ ಅಭಿಪ್ರಾಯ. ಸೀರೆ ಮರಳಿ ಬರುವ ಪ್ರಸಂಗಗಳೂ ಅದರಿಂದ ಕಡಿಮೆಯಾಗುತ್ತವೆ. ಕೃತಕ ರೇಷ್ಮೆಯಾದರೆ ಕೃತಕ ರೇಷ್ಮೆಯೆಂದೇ, ವಿದ್ಯುನ್ಮಗ್ಗದ್ದಾದರೆ ಹಾಗೆಂದೇ ಬರೆಯಿರಿ. ಕೇಂದ್ರ ಸರಕಾರ 2006ರಲ್ಲಿ ಆರಂಭಿಸಿದ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಸೀರೆಗಿದ್ದರೆ ಅದರ ಚಿತ್ರವನ್ನು ಬೆಲೆಯ ಪಕ್ಕದಲ್ಲಿಯೇ ಇಡಬಹುದು. ಒತ್ತುವ ಗುಂಡಿಯ ಮೇಲೆ ‘ಸಲ್ಲಿಸಿ’ ಎಂಬ ಕಚೇರಿಯ ಮಾತು ಬೇಡ. ‘ಈ ಸೀರೆಯನ್ನು ಕೊಳ್ಳಿ’ ಎಂದರೆ ಒತ್ತಿದರೆ ಏನಾಗುವುದೆಂದು ಸ್ಪಷ್ಟವಾಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಒದಗುವ ತೊಡಕೊಂದನ್ನು ಇಲ್ಲಿ ಹೇಳಲೇಬೇಕು. ಅಚ್ಚಿನ ಕೆಲಸಕ್ಕೆಂದು ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಕಡತವು ನೋಟಕ್ಕೆ ಕನ್ನಡವಾಗಿದ್ದರೂ ಒಳಗೆ ರೋಮನ್ ಸಂಕೇತಗಳ ರಾಶಿ. ಅದನ್ನು ಹಾಗೆಯೇ ತಾಣಕ್ಕೆ ಅಂಟಿಸಿದರೆ ಓದುಗರಿಗೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ, ಹುಡುಕುಯಂತ್ರಕ್ಕೆ ಏನೂ ಸಿಗುವುದಿಲ್ಲ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನೂ ಅರ್ಕಾವೊತ್ತನ್ನೂ ಕಣ್ಣಿಟ್ಟು ತಿದ್ದಿ, ಆಮೇಲೆ ಹಾಕಬೇಕು. ಇದಕ್ಕೆ ಬೇಸತ್ತು ಬರೆಹವನ್ನೆಲ್ಲ ಚಿತ್ರವಾಗಿಸಿ ಏರಿಸುವವರಿದ್ದಾರೆ. ಅಂತಹ ಚಿತ್ರದಲ್ಲಿನ ಮಾತನ್ನು ಅಂಧರ ಓದುತಂತ್ರಾಂಶವು ಸಾಧಾರಣವಾಗಿ ಓದಿ ಹೇಳಲಾರದು, ಬೆಲೆ ಬದಲಾದಾಗ ತಿದ್ದುವುದೂ ಪ್ರಯಾಸ. ಚಿತ್ರ ಚಿತ್ರವಾಗಿರಲಿ, ಅದಕ್ಕೆ ‘ಹಸಿರು ಒಡಲು, ಗೋಮಿ ದಡಿ, ಕೆಂಪು ಸೆರಗಿನ ಇಳಕಲ್ ಸೀರೆ’ ಎಂಬ ಪರ್ಯಾಯ ಪಠ್ಯವಿರಲಿ. ಊರಿನ ಹೆಸರನ್ನು ಜನ ಇಳಕಲ್, ಇಲಕಲ್, ಇಳಕಲ್ಲ ಎಂದು ನಾನಾ ಬಗೆಯಾಗಿ ಬೆರಳಚ್ಚಿಸುವುದರಿಂದ, ಶೀರ್ಷಿಕೆಯಲ್ಲಿ ಒಂದನ್ನು ಸ್ಥಿರವಾಗಿಟ್ಟು ಮತ್ತೊಂದು ರೂಪ ಪುಟದಲ್ಲಿ ಎಲ್ಲಿಯಾದರೂ ಸಹಜವಾಗಿ ಬರುವಂತೆ ನೋಡಿಕೊಂಡರಾಯಿತು.

ಗಿರಾಕಿಗಳ ಮೆಚ್ಚುಗೆಯನ್ನು ಹಾಕಬಹುದು, ಆದರೆ ನೀವೇ ಬರೆದು ಪರರ ಹೆಸರು ಹಾಕಬಾರದು. ಮಾರುವವನು ತಾನೇ ಗ್ರಾಹಕನೆಂದು ನಟಿಸಿ ವಿಮರ್ಶೆ ಬರೆಯುವುದನ್ನು 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು ನಿಷೇಧಿಸಿವೆ. ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ಸಂಪರ್ಕ ಇವನ್ನು ಕಾಣುವಂತೆ ಕೊಡಬೇಕೆಂದೂ, ಬಂದ ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿದ್ದಾಗಿ ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕೆಂದೂ ಅವೇ ನಿಯಮಗಳು ವಿಧಿಸುತ್ತವೆ. ಮರಳಿಸುವ ಷರತ್ತನ್ನು ವಕೀಲರ ಭಾಷೆಯಲ್ಲಿ ಪುಟದ ತಳದಲ್ಲಿ ಅಡಗಿಸದೆ, ಎಷ್ಟು ದಿನದೊಳಗೆ, ಯಾವ ಸ್ಥಿತಿಯಲ್ಲಿ, ಅಂಚೆವೆಚ್ಚ ಯಾರದು ಎಂಬ ಮೂರನ್ನು ಬೆಲೆಯ ಸನಿಹದಲ್ಲಿಯೇ ತಿಳಿಸಿ.

ಎಲ್ಲ ಮುಗಿದ ಮೇಲೆ, ನೇಯ್ಗೆಯ ಗಂಧವಿಲ್ಲದ ಒಬ್ಬರ ಕೈಗೆ ಮೊಬೈಲು ಕೊಟ್ಟು ಪುಟವನ್ನು ತೋರಿಸಿ, ಅರ್ಧ ನಿಮಿಷದ ತರುವಾಯ ಹಿಂದಕ್ಕೆ ತೆಗೆದುಕೊಳ್ಳಿ. ಬೆಲೆಯೆಷ್ಟು, ನೂಲು ಯಾವುದು, ಖಣ ಬರುತ್ತದೆಯೇ, ಇಷ್ಟವಾಗದಿದ್ದರೆ ಏನು ಮಾಡಬೇಕು ಎಂದು ಕೇಳಿ. ಉತ್ತರ ಬಾರದ ಪ್ರಶ್ನೆಗೆ ಸಂಬಂಧಿಸಿದ ಸಾಲನ್ನು ಮೇಲಕ್ಕೆ ತನ್ನಿ, ಅದಕ್ಕೆ ಅಡ್ಡವಾಗಿರುವ ವಿಶೇಷಣಗಳನ್ನು ಹೊಡೆದುಹಾಕಿ, ಇನ್ನೊಬ್ಬರಿಗೆ ತೋರಿಸಿ.