ಮಂಜಿನ ಮುಂಜಾವು, ಬೇಗೆಯ ಮಧ್ಯಾಹ್ನ

ಕುಂಭ ಮಾಸದ ಒಂದು ದಿನ ಬೆಳಗಿನ ಹೊತ್ತು ನಮ್ಮ ಕಾಸರಗೋಡು ಸೀಮೆಯ ಪಯಸ್ವಿನೀ ನದಿಯ ದಂಡೆಯಲ್ಲಿ ನಿಂತು ನೋಡಿರಿ. ಆಚೆಯ ದಡದ ತೆಂಗಿನ ಸಾಲು ಕಾಣುವುದಿಲ್ಲ. ಅಡಿಕೆಯ ತೋಟವು ಹಾಲಿನಲ್ಲಿ ಅದ್ದಿದಂತೆ ಇರುತ್ತದೆ. ಶಾಲೆಗೆ ಬರುವ ಮಕ್ಕಳ ತಲೆಗೂದಲಿನ ಮೇಲೆ ಸಣ್ಣ ಹನಿಗಳು ನಿಂತಿರುತ್ತವೆ. ಗಂಟೆ ಒಂಬತ್ತಾಗುವಷ್ಟರಲ್ಲಿ ಈ ಮಂಜು ಮಾಯವಾಗುತ್ತದೆ. ಹನ್ನೆರಡಕ್ಕೆ ಮುರಕಲ್ಲಿನ ಪದವಿನ ಮೇಲೆ ಬರಿಗಾಲಿನಿಂದ ನಡೆಯಲಾಗದು. ಒಂದೇ ದಿನದಲ್ಲಿ ಎರಡು ಋತುಗಳು ಬಂದುಹೋದಂತೆ ತೋರುವ ಇದಕ್ಕೆ ಕಾರಣವೇನು? ಅದನ್ನು ತಿಳಿಯುವುದರಿಂದ ನಮಗೆ ಪ್ರಯೋಜನವೇನು? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ಮಂಜು ಹುಟ್ಟುವ ಬಗೆ

‘ಮಂಜು ಬೀಳುತ್ತದೆ’ ಎಂದು ನಾವು ವಾಡಿಕೆಯಲ್ಲಿ ಹೇಳುತ್ತೇವೆ. ವಾಸ್ತವದಲ್ಲಿ ಅದು ಮೇಲಿನಿಂದ ಬೀಳುವುದಲ್ಲ, ಇದ್ದಲ್ಲಿಯೇ ಹುಟ್ಟುವುದು. ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಿನ ಆವಿಯು ಯಾವಾಗಲೂ ಉಂಟು. ಬೆಚ್ಚಗಿನ ಗಾಳಿ ಹೆಚ್ಚು ಆವಿಯನ್ನು ಹಿಡಿಯಬಲ್ಲುದು. ತಣ್ಣಗಿನ ಗಾಳಿ ಕಡಿಮೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿಯು ಸುಮಾರು 30 ಗ್ರಾಂ ಆವಿಯನ್ನು ಹಿಡಿದರೆ, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ ಹಿಡಿಯುತ್ತದೆ.

ಮಾಘ ಫಾಲ್ಗುಣಗಳ ರಾತ್ರಿಗಳಲ್ಲಿ ನಮ್ಮ ಆಕಾಶವು ಹೆಚ್ಚಾಗಿ ನಿರ್ಮಲವಾಗಿರುತ್ತದೆ. ಮೋಡದ ಹೊದಿಕೆಯಿಲ್ಲದ ಕಾರಣ ನೆಲವು ಹಗಲು ಪಡೆದ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಬೇಗನೆ ತಣಿಯುತ್ತದೆ. ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಹರಿದು ಗದ್ದೆಯ ಬಯಲಿನಲ್ಲಿಯೂ ಹೊಳೆಯ ಕಣಿವೆಯಲ್ಲಿಯೂ ನಿಲ್ಲುತ್ತದೆ. ಅಲ್ಲಿ ಹೊಳೆ, ಕೆರೆ, ನೀರುಣಿಸಿದ ತೋಟಗಳಿಂದ ಬಂದ ಆವಿಯೂ ಸೇರಿರುತ್ತದೆ. ಹಿಡಿಸಲಾರದಷ್ಟಾದ ಆವಿಯು ಧೂಳಿನ ಸೂಕ್ಷ್ಮ ಕಣಗಳ ಸುತ್ತ ಹನಿಗಟ್ಟುತ್ತದೆ. ಇದೇ ಮಂಜು. ಒಂದು ಕಿಲೋಮೀಟರಿನಿಂದಾಚೆಗೆ ಏನೂ ಕಾಣದಿದ್ದರೆ ಹವಾಮಾನ ಶಾಸ್ತ್ರಜ್ಞರು ಅದನ್ನು ಮಂಜೆಂದು ಕರೆಯುತ್ತಾರೆ. ಸೂರ್ಯನು ಏರಿದಂತೆ ನೆಲ ಬಿಸಿಯಾಗಿ, ಹನಿಗಳು ಪುನಃ ಆವಿಯಾಗುತ್ತವೆ.

ಹಗಲಿನ ಬಿಸಿ, ಕಡಲಿನ ಗಾಳಿ

ಒಂದೇ ತೂಕದ ನೀರನ್ನೂ ಒಣ ಮರಳನ್ನೂ ಒಂದೇ ಪ್ರಮಾಣದಲ್ಲಿ ಬಿಸಿಮಾಡಬೇಕಾದರೆ, ನೀರಿಗೆ ಮರಳಿನ ಸುಮಾರು ಐದರಷ್ಟು ಶಾಖ ಬೇಕು. ಆದುದರಿಂದ ಹಗಲಿನಲ್ಲಿ ನೆಲವು ಬೇಗ ಕಾಯುತ್ತದೆ, ಕಡಲು ನಿಧಾನವಾಗಿ. ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರಲು, ಅದರ ಸ್ಥಾನಕ್ಕೆ ಕಡಲಿನ ಗಾಳಿ ನುಗ್ಗುತ್ತದೆ. ಬೇಕಲದ ಕೋಟೆಯ ಬಳಿ ಮಧ್ಯಾಹ್ನ ಬೀಸುವ ಗಾಳಿ ಇದೇ. ಅದು ಸುಳ್ಯ, ಪುತ್ತೂರುಗಳ ಕಡೆಗೆ ತಲುಪುವಷ್ಟರಲ್ಲಿ ಹೊತ್ತೂ ಕಳೆದಿರುತ್ತದೆ, ತಂಪೂ ಕುಂದಿರುತ್ತದೆ. ಒಳನಾಡು ಕರಾವಳಿಗಿಂತ ಹೆಚ್ಚು ಕಾಯಲು ಇದೊಂದು ಕಾರಣ. ರಾತ್ರಿಯಲ್ಲಿ ಈ ವ್ಯವಹಾರವು ತಿರುಗಿ, ನೆಲದಿಂದ ಕಡಲಿಗೆ ಗಾಳಿ ಬೀಸುತ್ತದೆ. ಹಾಯಿದೋಣಿಯ ಕಾಲದ ಬೆಸ್ತರು ನಸುಕಿನ ನೆಲಗಾಳಿಯಲ್ಲಿ ಹೊರಟು, ಹಗಲಿನ ಕಡಲಗಾಳಿಯಲ್ಲಿ ಮರಳುತ್ತಿದ್ದರು.

ಇನ್ನೊಂದು ಕಡಲ ತೀರ

ಎಲ್ಲ ಕರಾವಳಿಯ ಮಂಜೂ ಒಂದೇ ಬಗೆಯದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ತೆಗೆದುಕೊಳ್ಳಿರಿ. ಅಲ್ಲಿ ವಸಂತದಲ್ಲಿ ವಾಯವ್ಯದ ಗಾಳಿ ಬಲಗೊಂಡು ಕಡಲ ಮೇಲಿನ ನೀರನ್ನು ತೀರದಿಂದ ದೂರಕ್ಕೆ ಸರಿಸುತ್ತದೆ. ಆಳದ ತಣ್ಣೀರು ಮೇಲಕ್ಕೆ ಬರುತ್ತದೆ. ಅದರ ಮೇಲೆ ಹಾದುಬರುವ ಆರ್ದ್ರವಾದ ಗಾಳಿ ತಣಿದು ಮಂಜಾಗುತ್ತದೆ. ಅದೇ ವೇಳೆಗೆ ಒಳನಾಡಿನ ಮಹಾಕಣಿವೆ ಕಾದು, ಆ ಮಂಜನ್ನು ಒಳಕ್ಕೆ ಸೆಳೆಯುತ್ತದೆ. 1937ರಲ್ಲಿ ಸಂಚಾರಕ್ಕೆ ತೆರೆದ ಗೋಲ್ಡನ್ ಗೇಟ್ ಸೇತುವೆಯು ಅದರಲ್ಲಿ ಮುಳುಗುವುದನ್ನು, ಉದ್ಯೋಗ ನಿಮಿತ್ತ ಆ ಕಡೆ ನೆಲಸಿದ ಕನ್ನಡಿಗರು ಕಾಣುತ್ತಿರುತ್ತಾರೆ. ನಮ್ಮ ಅರಬ್ಬೀ ಸಮುದ್ರವಾದರೋ ಏಪ್ರಿಲಿನಲ್ಲಿ 30 ಡಿಗ್ರಿಯ ಸಮೀಪಕ್ಕೆ ಕಾದಿರುತ್ತದೆ. ಅಂಥ ಕಡಲ ಮಂಜು ಇಲ್ಲಿ ಹುಟ್ಟದು. ಅವರದು ಕಡಲು ಹೆತ್ತ ಮಂಜು, ನಮ್ಮದು ನೆಲ ಹೆತ್ತ ಮಂಜು.

ಬೆವರು ಆರದ ಬಿಸಿ

ಇಲ್ಲಿ ಮುಖ್ಯವಾದ ಒಂದು ಮಾತನ್ನು ಗಮನಿಸಬೇಕು. ನಮ್ಮಲ್ಲಿ ಮಂಜನ್ನು ಹುಟ್ಟಿಸುವ ನಿರ್ಮಲವಾದ ಆಕಾಶವೇ ಮಧ್ಯಾಹ್ನದ ಬಿಸಿಲಿಗೂ ದಾರಿ ಬಿಡುತ್ತದೆ. ಆದುದರಿಂದ ಈ ಕಾಲದಲ್ಲಿ ಮಂಜಿನ ಮುಂಜಾವು ತಂಪಾದ ದಿನದ ಸೂಚನೆಯಲ್ಲ. ಬಹುಮಟ್ಟಿಗೆ ಅದಕ್ಕೆ ವಿರುದ್ಧವಾದ ಸೂಚನೆ. ಇದನ್ನು ಈ ಲೇಖಕನು ತಪ್ಪಿನಿಂದಲೇ ಕಲಿತನು. ಹಿಂದೊಮ್ಮೆ ಬೆಳಗಿನ ಮಂಜನ್ನು ನೋಡಿ, ದಿನವು ಹಿತವಾಗಿರುವುದೆಂದು ಬಗೆದು, ಹನ್ನೊಂದು ಗಂಟೆಗೆ ಕವಾಯತಿನ ಅಭ್ಯಾಸವನ್ನು ಇರಿಸಿದ್ದೆನು. ಅರ್ಧ ಗಂಟೆಯೊಳಗೆ ಏಳನೆಯ ತರಗತಿಯ ಹುಡುಗನೊಬ್ಬ ತಲೆತಿರುಗಿ ಬಿದ್ದನು. ನೆರಳಿಗೆ ಒಯ್ದು, ಒದ್ದೆ ಬಟ್ಟೆಯಿಂದ ಮೈಯೊರಸಿ ಗಾಳಿ ಹಾಕಿದ ಮೇಲೆ ಕಣ್ಣು ತೆರೆದನು. ಆ ಕೆಲವು ನಿಮಿಷಗಳು ನನಗೆ ಇಂದಿಗೂ ಮರೆತಿಲ್ಲ.

ಮನುಷ್ಯನ ಮೈ ತಣಿಯುವುದು ಬೆವರು ಆರುವುದರಿಂದ. ಕರಾವಳಿಯ ಗಾಳಿಯಲ್ಲಿ ಆವಿ ತುಂಬಿರುವುದರಿಂದ ಬೆವರು ಸುರಿಯುತ್ತದೆ, ಆರುವುದಿಲ್ಲ. ಆದುದರಿಂದಲೇ ಭಾರತದ ಹವಾಮಾನ ಇಲಾಖೆಯು ಬಿಸಿಗಾಳಿಯನ್ನು ಗುರುತಿಸುವಾಗ ಬಯಲುಸೀಮೆಗೆ 40 ಡಿಗ್ರಿಯನ್ನೂ ಕರಾವಳಿಗೆ 37 ಡಿಗ್ರಿಯನ್ನೂ ಕನಿಷ್ಠ ಮಿತಿಯಾಗಿ ಇಟ್ಟುಕೊಂಡಿದೆ. 2025ರ ಫೆಬ್ರವರಿಯು 1901ರಿಂದೀಚೆಗೆ ದೇಶದ ಅತ್ಯಂತ ಬಿಸಿಯಾದ ಫೆಬ್ರವರಿಯೆಂದು ದಾಖಲೆಯಾಯಿತು. 2024 ಮತ್ತು 2025ರ ಬೇಸಗೆಗಳಲ್ಲಿ ಕೇರಳದ ಕಾರ್ಮಿಕ ಇಲಾಖೆಯು ಬಿಸಿಲಿನಲ್ಲಿ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರ ವರೆಗೆ ಬಿಡುವು ಕೊಡಬೇಕೆಂದು ಆಜ್ಞಾಪಿಸಿತು. ಕೂಲಿಯವರಿಗೆ ಸಲ್ಲುವ ಈ ದಯೆ ಮಕ್ಕಳಿಗೂ ಸಲ್ಲಬೇಡವೇ?

ಮಾಡಿ ನೋಡಿರಿ

ಎರಡು ಉಷ್ಣಮಾಪಕಗಳನ್ನು ನೆರಳಿನಲ್ಲಿ ತೂಗುಹಾಕಿರಿ. ಒಂದರ ಬುರುಡೆಗೆ ಒದ್ದೆ ಬಟ್ಟೆಯನ್ನು ಸುತ್ತಿ ಬೀಸಣಿಗೆಯಿಂದ ಗಾಳಿ ಬೀಸಿರಿ. ಗಾಳಿ ಒಣಗಿದ್ದರೆ ಎರಡರ ಅಂತರ ಹೆಚ್ಚು, ಆರ್ದ್ರವಾಗಿದ್ದರೆ ಅಲ್ಪ. ಒಣ ಮಾಪಕವು ಬಿಸಿಯನ್ನು ತೋರಿಸುತ್ತಿರುವಾಗ ಅಂತರವು ಅಲ್ಪವಾಗಿದ್ದರೆ ಆ ದಿನ ಮೈದಾನದ ಆಟವನ್ನು ಬಿಡಿರಿ. ಬೆಳಿಗ್ಗೆ ಮಂಜು, ಮಧ್ಯಾಹ್ನದ ಬಿಸಿ, ಒದ್ದೆ ಮಾಪಕದ ಅಂಕಿ ಇವನ್ನು ಪ್ರತಿದಿನವೂ ಒಂದು ಪುಸ್ತಕದಲ್ಲಿ ಬರೆದಿಡಿರಿ. ಪ್ರಕೃತಿಯ ಪಾಠವನ್ನು ಓದಬಲ್ಲ ಮಗುವು ನಾಳೆ ಮಂಜನ್ನು ಕಂಡಾಗ ಅದರ ಚೆಲುವನ್ನು ಕಂಡು ಹಿಗ್ಗುವುದರ ಜೊತೆಗೆ, ಒಂದು ಬಾಟಲಿ ನೀರನ್ನೂ ಚೀಲದಲ್ಲಿ ಇಟ್ಟುಕೊಳ್ಳುವುದು.