ಅವಳಿ ಊರುಗಳ ಚೇಷ್ಟೆ

ನೆರೆಯವರನ್ನು ಕುರಿತು ಹಾಸ್ಯ ಮಾಡುವ ರೂಢಿ ಎಲ್ಲ ನಾಡುಗಳಲ್ಲಿಯೂ ಉಂಟು. ಹಾಸ್ಯಕ್ಕೆ ಪರಿಚಯ ಬೇಕು. ಕಂಡರಿಯದವನ ಗುಣಾವಗುಣಗಳನ್ನು ಎತ್ತಿ ಆಡುವುದಾದರೂ ಹೇಗೆ? ಕೆನಡಾ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳ ನಡುವೆ 8,891 ಕಿಲೋಮೀಟರ್ ಉದ್ದದ ಗಡಿಯಿದೆ. ಈ ಗಡಿಯ ಎರಡೂ ಕಡೆ ಜನರು ಒಬ್ಬರನ್ನೊಬ್ಬರು ಕೆಣಕುವುದು ನಿತ್ಯದ ಮಾತು. ಕೆನಡಾದವನ ಕಾಲನ್ನು ತುಳಿದರೆ ಕ್ಷಮೆ ಕೇಳುವವನೂ ಅವನೇ ಎಂದು ಅಮೆರಿಕನ್ನರು ನಗುತ್ತಾರೆ. ತಮ್ಮ ಉತ್ತರಕ್ಕೆ ಇನ್ನೊಂದು ದೇಶವಿದೆ ಎಂಬುದು ಅಮೆರಿಕನ್ನರಿಗೆ ಚಳಿಗಾಳಿ ಬೀಸಿದಾಗ ಮಾತ್ರ ನೆನಪಾಗುತ್ತದೆ ಎಂದು ಕೆನಡಾದವರು ನಗುತ್ತಾರೆ. ಇಂತಹ ಸರಸವನ್ನು ಕಾಣಲು ನವಲಗುಂದದವರು ಸಮುದ್ರ ದಾಟಬೇಕಾಗಿಲ್ಲ. ಹುಬ್ಬಳ್ಳಿಯ ಬಸ್ಸನ್ನೋ ಧಾರವಾಡದ ಬಸ್ಸನ್ನೋ ಹತ್ತಿದರೆ ಸಾಕು.

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಇರುವ ಅಂತರ ಸುಮಾರು 20 ಕಿಲೋಮೀಟರ್. ಇಷ್ಟು ಹತ್ತಿರದ ಊರುಗಳು ಇಷ್ಟು ಬೇರೆಯಾಗಿರುವುದು ಆಶ್ಚರ್ಯವೇ ಸರಿ. ಧಾರವಾಡವು ಮಲೆನಾಡಿನ ಸೆರಗಿನಲ್ಲಿರುವ ಊರು. ಏರು ತಗ್ಗಿನ ಬೀದಿ, ಗಿಡಮರ, ಜಿಟಿಜಿಟಿ ಮಳೆ. ಹುಬ್ಬಳ್ಳಿಯಿಂದ ಮೂಡಣಕ್ಕೆ ಬಯಲುಸೀಮೆಯ ಕರಿಮಣ್ಣು ಹರಡಿಕೊಳ್ಳುತ್ತದೆ. ಧಾರವಾಡಕ್ಕೆ ಹೋಗುವಾಗ ಕೊಡೆ, ಹುಬ್ಬಳ್ಳಿಗೆ ಹೋಗುವಾಗ ಧೂಳೊರಸಲು ಕರವಸ್ತ್ರ ಮರೆಯಬಾರದೆಂಬ ಹಾಸ್ಯ ಹುಟ್ಟುವುದು ಇಂತಹ ನೆಲದಲ್ಲಿಯೇ. ಒಂದು ಊರು ವಿದ್ಯೆಯನ್ನು ನೆಚ್ಚಿತು, ಇನ್ನೊಂದು ವ್ಯಾಪಾರವನ್ನು ನೆಚ್ಚಿತು. ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಲ್ಲಿ ಕರ್ನಾಟಕ ಕಾಲೇಜು, 1950ರಲ್ಲಿ ಆಕಾಶವಾಣಿ ಕೇಂದ್ರ ನೆಲೆಗೊಂಡವು. ಹುಬ್ಬಳ್ಳಿಗೆ ರೈಲು ಬಂದಿತು, ರೈಲಿನ ಕಾರ್ಖಾನೆ ಬಂದಿತು; ಹತ್ತಿ ಕಾಳುಕಡ್ಡಿಗಳ ಪೇಟೆ ಬೆಳೆಯಿತು. 2003ರಲ್ಲಿ ನೈಋತ್ಯ ರೈಲ್ವೆ ವಲಯದ ಕೇಂದ್ರ ಕಚೇರಿಯೂ ಅಲ್ಲಿ ಆರಂಭವಾಯಿತು.

ಧಾರವಾಡದಲ್ಲಿ ನಿಂತು ಕಲ್ಲೆಸೆದರೆ ಅದು ಯಾವನಾದರೊಬ್ಬ ಸಾಹಿತಿಯ ಮನೆಯ ಮೇಲೆಯೇ ಬೀಳುತ್ತದೆ ಎಂಬ ಮಾತು ಎಲ್ಲರಿಗೂ ಗೊತ್ತಿದೆ. ಧಾರವಾಡದವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹುಬ್ಬಳ್ಳಿಯವರೂ ಅದೇ ಮಾತನ್ನು ಹೇಳುತ್ತಾರೆ. ಆದರೆ ದನಿ ಬೇರೆ. ಆ ಭಾಗದಲ್ಲಿ ಹಾಸ್ಯಕ್ಕೆ ‘ಚಾಷ್ಟಿ’ ಎನ್ನುತ್ತಾರೆ. ಎರಡೂ ಊರಿನವರು ಎದುರಾದರೆ ಚಾಷ್ಟಿ ಹೀಗೆ ನಡೆಯುವುದುಂಟು:

“ಮಧ್ಯಾಹ್ನ ಅಂಗಡಿ ಬಾಗಲಾ ಹಾಕಿದ್ರ ನಿಮ್ಮ ಧಾರವಾಡದಾಗ ಮತ್ತ ತಗಿಯೂದು ಯಾವಾಗ್ರಿ?”

“ನಿದ್ದಿ ಆದಮ್ಯಾಲೆ ತಗೀತೀವ್ರಿ. ನಿಮಗ ನಿದ್ದಿ ಎಲ್ಲಿಂದ ಬರಬೇಕು, ರೊಕ್ಕಾ ಎಣಿಸೂದರಾಗ ಬೆಳಕ ಹರೀತದ!”

ಇಬ್ಬರೂ ‘ರಿ’ ಎಂಬ ಗೌರವವನ್ನು ಬಿಡದೆ ಕೆಣಕುತ್ತಾರೆಂಬುದನ್ನು ಗಮನಿಸಬೇಕು. ಆ ‘ರಿ’ ಬಿದ್ದುಹೋದ ದಿನ ಅದು ಚಾಷ್ಟಿಯಾಗಿ ಉಳಿಯುವುದಿಲ್ಲ.

ಪೇಡೆಯು ಈ ವಾಗ್ಯುದ್ಧದ ಹಳೆಯ ಆಯುಧ. ಧಾರವಾಡದವನು ತನ್ನ ಊರಿನ ಪೇಡೆಯನ್ನು ಹೊಗಳಿದರೆ, ಅದನ್ನು ಮಾಡಿದ ಠಾಕೂರ್ ಮನೆತನ ಪ್ಲೇಗಿನ ಕಾಲದಲ್ಲಿ ಉತ್ತರ ಪ್ರದೇಶದ ಉನ್ನಾವದಿಂದ ಬಂದದ್ದೆಂದು ಹುಬ್ಬಳ್ಳಿಯವನು ನೆನಪಿಸದೆ ಬಿಡುವುದಿಲ್ಲ. ನೆನಪಿಸುವಾಗ ಅವನ ಬಾಯಲ್ಲಿಯೂ ಒಂದು ಪೇಡೆ ಇರುತ್ತದೆ. ಧಾರವಾಡದ ವರಕವಿ ದ. ರಾ. ಬೇಂದ್ರೆಯವರು ‘ಹುಬ್ಬಳ್ಳಿಯಾಂವಾ’ ಎಂಬ ಕವಿತೆಯನ್ನು ಬರೆದರು. ಬರುವೆನೆಂದು ಹೇಳಿ ಬಾರದ ಹುಬ್ಬಳ್ಳಿಯವನಿಗಾಗಿ ಹೆಣ್ಣೊಬ್ಬಳು ಹಂಬಲಿಸುವ ಪದ್ಯವದು. ಮಾತಿಗೆ ತಪ್ಪುವವನು ಹುಬ್ಬಳ್ಳಿಯವನೆಂದು ಕವಿಯೇ ಹೇಳಿದ್ದಾರೆಂದು ಧಾರವಾಡದವರು ಚುಚ್ಚಿದರೆ, ಹೆಣ್ಣು ಹಂಬಲಿಸುವಷ್ಟು ಚೆಲುವನು ಧಾರವಾಡದಲ್ಲಿ ಸಿಗಲಿಲ್ಲವಲ್ಲ ಎಂದು ಹುಬ್ಬಳ್ಳಿಯವರು ತಿರುಗಿಸಬಹುದು. ಗಂಗೂಬಾಯಿ ಹಾನಗಲ್ಲರ ವಿಷಯದಲ್ಲಂತೂ ತೀರ್ಪು ಕೊಡುವುದೇ ಕಷ್ಟ. ಅವರು 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಹುಬ್ಬಳ್ಳಿಯಲ್ಲಿ ಬಾಳಿ 2009ರಲ್ಲಿ ಅಲ್ಲಿಯೇ ತೀರಿಕೊಂಡರು. ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಳ್ಳಲು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗುತ್ತಿದ್ದುದು ಕುಂದಗೋಳಕ್ಕೆ. ಹೆಸರಿನಲ್ಲಿರುವುದು ಹಾನಗಲ್ಲು! ಎರಡು ಊರುಗಳು ಜಗಳವಾಡುವಷ್ಟರಲ್ಲಿ ಇನ್ನೆರಡು ಊರುಗಳು ಪಾಲು ಕೇಳಲು ಬಂದು ನಿಲ್ಲುತ್ತವೆ.

ಈ ಊರುಗಳೆರಡನ್ನೂ ಸೇರಿಸಿ 1962ರಲ್ಲಿ ಒಂದೇ ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಪಾಲಿಕೆಯ ಹೆಸರಿನಲ್ಲಿ ಹುಬ್ಬಳ್ಳಿ ಮೊದಲು, ಧಾರವಾಡ ಆಮೇಲೆ. ಜಿಲ್ಲೆಯ ಹೆಸರಿನಲ್ಲಿ ಧಾರವಾಡ ಮಾತ್ರ. ಹುಬ್ಬಳ್ಳಿಗೆ ಅಲ್ಲಿ ಸ್ಥಾನವೇ ಇಲ್ಲ. ಹೀಗೆ ಇಬ್ಬರ ಕೈಯಲ್ಲಿಯೂ ಒಂದೊಂದು ತುತ್ತೂರಿ. 2023ರ ಮಾರ್ಚ್ 12ರಂದು 1,507 ಮೀಟರ್ ಉದ್ದದ ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮು ಉದ್ಘಾಟನೆಗೊಂಡಿತು. ಜಗತ್ತಿನಲ್ಲಿ ಅಷ್ಟು ಉದ್ದದ್ದು ಆಗ ಬೇರೊಂದಿರಲಿಲ್ಲ. ಅದೇ ದಿನ ಧಾರವಾಡದ ಐಐಟಿಯ ಹೊಸ ಆವರಣವೂ ಉದ್ಘಾಟನೆಗೊಂಡಿತು. ಒಂದೇ ದಿನದಲ್ಲಿ ಒಬ್ಬರಿಗೆ ರೈಲು, ಇನ್ನೊಬ್ಬರಿಗೆ ವಿದ್ಯೆ. ಚಾಷ್ಟಿಗಾರರೇ ಕುಳಿತು ಹಂಚಿದ್ದರೂ ಇದಕ್ಕಿಂತ ಸರಿಯಾಗಿ ಹಂಚುತ್ತಿರಲಿಲ್ಲ.

ನವಲಗುಂದದ ರೈತನಿಗೆ ಎರಡು ಊರುಗಳೂ ಬೇಕು. ಹತ್ತಿ, ಕಡಲೆ, ಹೆಸರು, ಉಳ್ಳಾಗಡ್ಡಿಗಳನ್ನು ಹೇರಿಕೊಂಡು ಅವನು ಹೋಗುವುದು ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಗೆ. ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡಬೇಕಾದರೆ, ಮಗನನ್ನು ವಿಶ್ವವಿದ್ಯಾಲಯಕ್ಕೆ ಸೇರಿಸಬೇಕಾದರೆ ಧಾರವಾಡಕ್ಕೆ ಹೋಗಬೇಕು. ಇವನನ್ನು ಎರಡೂ ಊರಿನವರು ‘ಎರಿ ಸೀಮಿಯವರು’ ಎಂದು ನಗುತ್ತಾರೆ. ಮಳೆಗಾಲದಲ್ಲಿ ಕರಿಮಣ್ಣು ಕಾಲಿಗೆ ಮೆತ್ತಿಕೊಂಡು ಬಿಡದಂತೆ ಇವರ ಹಟವೂ ಬಿಡುವುದಿಲ್ಲವಂತೆ. ರೈತನು ಅದನ್ನು ಅಲ್ಲಗಳೆಯುವುದಿಲ್ಲ; ಆ ಮಣ್ಣು ಬೆಳೆದದ್ದನ್ನೇ ತಾನೆ ನೀವು ಉಣ್ಣುವುದು ಎಂದು ಕೇಳುತ್ತಾನೆ.

ಆದರೆ ನೀರಿನ ಮಾತು ಬಂದರೆ ಹಾಸ್ಯ ತಗ್ಗುತ್ತದೆ. ಸವದತ್ತಿಯ ಬಳಿ ಮಲಪ್ರಭೆಗೆ ಕಟ್ಟಿದ ರೇಣುಕಾಸಾಗರದಿಂದ ಅವಳಿ ನಗರಗಳಿಗೆ ಕುಡಿಯುವ ನೀರು ಬರುತ್ತದೆ. ಅದೇ ಜಲಾಶಯದ ಕಾಲುವೆಯನ್ನು ನವಲಗುಂದದ ಹೊಲಗಳು ನೆಚ್ಚಿಕೊಂಡಿವೆ. ಮಳೆ ಕೈಕೊಟ್ಟ ವರ್ಷ ನಲ್ಲಿಗೆಷ್ಟು, ಹೊಲಕ್ಕೆಷ್ಟು ಎಂಬ ಪ್ರಶ್ನೆಗೆ ಯಾರೂ ನಗುತ್ತ ಉತ್ತರ ಕೊಡಲಾರರು. ಕಾಲುವೆಯ ನೀರಿನ ಕರ ಮತ್ತು ಅಭಿವೃದ್ಧಿ ತೆರಿಗೆಗಳ ಹೊರೆಯ ವಿರುದ್ಧ 1980ರ ಜುಲೈಯಲ್ಲಿ ನವಲಗುಂದ, ನರಗುಂದಗಳ ರೈತರು ಎದ್ದು ನಿಂತಾಗ ಗೋಲೀಬಾರು ನಡೆದು ಪ್ರಾಣಹಾನಿಯಾಯಿತು. ಅಲ್ಲಿಯ ಜನ ಅದನ್ನು ಮರೆತಿಲ್ಲ.

ಧಾರವಾಡದ ಅಸಮಾಧಾನವೂ ಹೀಗೆಯೇ ಮೆಲ್ಲಮೆಲ್ಲನೆ ಚಾಷ್ಟಿಯ ಎಲ್ಲೆಯನ್ನು ದಾಟಿತು. ಪಾಲಿಕೆಯ 82 ವಾರ್ಡುಗಳಲ್ಲಿ ಧಾರವಾಡದ ಭಾಗಕ್ಕೆ ಸೇರಿದವು 26. ತೆರಿಗೆಯನ್ನು ತಾವೂ ಕಟ್ಟುತ್ತಿದ್ದರೂ ರಸ್ತೆ, ಚರಂಡಿ, ದೀಪಗಳ ಹಣದಲ್ಲಿ ದೊಡ್ಡ ಪಾಲು ಹುಬ್ಬಳ್ಳಿಗೆ ಹೋಗುತ್ತದೆಂಬುದು ಅಲ್ಲಿಯವರ ದೂರು. “ಹೆಸರಿನ್ಯಾಗೂ ಹಿಂದ, ರೊಕ್ಕದಾಗೂ ಹಿಂದ” ಎಂಬಂತಹ ಮಾತನ್ನು ಮೊದಲು ನಗುತ್ತ ಆಡಿದವರೇ ಮುಂದೆ ಅದನ್ನು ಮನವಿಪತ್ರದಲ್ಲಿ ಬರೆದರು. ಪ್ರತ್ಯೇಕ ಪಾಲಿಕೆಗಾಗಿ ವರ್ಷಗಟ್ಟಲೆ ಹೋರಾಟ ನಡೆಯಿತು. ಕಡೆಗೆ 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟವು ಧಾರವಾಡಕ್ಕೆ ಬೇರೆ ಮಹಾನಗರ ಪಾಲಿಕೆಯನ್ನು ರಚಿಸಲು ಒಪ್ಪಿಗೆ ನೀಡಿತು. ಈ ಒಪ್ಪಿಗೆಯನ್ನು ಹುಬ್ಬಳ್ಳಿಯವರು ವೈರವೆಂದು ಭಾವಿಸಬೇಕಾದ ಕಾರಣವಿಲ್ಲ. ಒಟ್ಟು ಕುಟುಂಬದ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡ ಮೇಲೆ ಹಿಂದಿಗಿಂತ ಹೆಚ್ಚು ಪ್ರೀತಿಯಿಂದ ಬಾಳಿದ ಮನೆಗಳು ಎರಡೂ ಊರುಗಳಲ್ಲಿ ಸಾಕಷ್ಟಿವೆ.

ಎರಡು ಊರುಗಳ ನಡುವೆ ಓಡಾಡುವ ತ್ವರಿತ ಬಸ್ಸಿಗೆ ‘ಚಿಗರಿ’ ಎಂದು ಹೆಸರು. ಚಿಗರಿಯೆಂದರೆ ಆ ಸೀಮೆಯ ಮಾತಿನಲ್ಲಿ ಜಿಂಕೆ. ಬೆಳಿಗ್ಗೆ ಧಾರವಾಡದವರು ದುಡಿಮೆಗೆಂದು ಹುಬ್ಬಳ್ಳಿಗೆ, ಹುಬ್ಬಳ್ಳಿಯವರು ಓದಿಗೆಂದು ಧಾರವಾಡಕ್ಕೆ ಅದರಲ್ಲಿಯೇ ಹೋಗುತ್ತಾರೆ. ಚಿಗರಿ ಯಾವ ಊರಿನದೆಂಬ ಹೊಸ ವಾದವೂ ಅಲ್ಲಿ ಹುಟ್ಟಿರಬೇಕು.