ಮೊಲದ ಅಪ್ಪನಿಗೆ ಏನಾಯಿತು?

ಹೋದ ರಜೆಯಲ್ಲಿ ಅಕ್ಕನ ಮಗನಿಗೆ ಪೀಟರ್ ಮೊಲದ ಕತೆಯನ್ನು ಕನ್ನಡದಲ್ಲಿ ಹೇಳಹೊರಟು ಆರಂಭದಲ್ಲೇ ಸಿಕ್ಕಿಬಿದ್ದೆ. ಮೆಗ್ರೆಗರನ ತೋಟಕ್ಕೆ ಮಾತ್ರ ಹೋಗಬೇಡಿ ಎಂದು ತಾಯಿಮೊಲ ಮಕ್ಕಳಿಗೆ ಹೇಳುತ್ತದೆ. ಅಲ್ಲಿಗೆ ಹೋದ ಅಪ್ಪನನ್ನು ಮೆಗ್ರೆಗರನ ಹೆಂಡತಿ ‘ಪೈ’ಯೊಳಗೆ ಹಾಕಿ ಬೇಯಿಸಿದ್ದಳು. ಪೈಗೆ ಕಡುಬು ಎಂದು ಹೇಗೋ ದಾಟಿದೆ. ಹುಡುಗ ಬಿಡಲಿಲ್ಲ. “ಮಾಮಾ, ಅವರಪ್ಪ ಮತ್ತ ಬರ್ತಾನೇನು?” ಅಂದ. ಒಳಗಿನಿಂದ ಅಕ್ಕ, “ಸಣ್ಣ ಹುಡುಗರಿಗೆ ಇಂಥಾವೆಲ್ಲಾ ಯಾಕ ಹೇಳ್ತೀಯೋ?” ಎಂದಳು. “ಊರಿಗೆ ಹೋಗ್ಯಾನ” ಎಂದು ಸುಳ್ಳು ಹೇಳಿ ಪುಟ ತಿರುವಿದೆ. ಆ ಸುಳ್ಳು ಮನಸ್ಸಿನಲ್ಲಿ ಕೊರೆಯುತ್ತಿದ್ದುದರಿಂದಲೇ ಈ ಲೇಖಕಿಯ ಬಗ್ಗೆ ಓದತೊಡಗಿದೆ.

ಬಿಯಾಟ್ರಿಕ್ಸ್ ಪಾಟರ್ ಹುಟ್ಟಿದ್ದು 1866ರಲ್ಲಿ, ಲಂಡನ್ನಿನ ಸಿರಿವಂತ ಮನೆಯಲ್ಲಿ. ಶಾಲೆಯ ಮುಖ ಕಂಡವಳಲ್ಲ. ಮನೆಗೇ ಬಂದು ಕಲಿಸುವ ಶಿಕ್ಷಕಿಯರು, ತಮ್ಮ ಬರ್ಟ್ರಮ್, ಮತ್ತೆ ಸಾಕಿದ ಮೊಲ, ಇಲಿ, ಮುಳ್ಳುಹಂದಿ. ಇವಿಷ್ಟೇ ಅವಳ ಬಳಗ. ಸಾಕಿದ ಪ್ರಾಣಿ ಸತ್ತರೆ ಅಕ್ಕ-ತಮ್ಮ ಅದನ್ನು ಬೇಯಿಸಿ ಎಲುಬುಗಳನ್ನು ಬಿಡಿಸಿ ಅವುಗಳ ಚಿತ್ರ ಬರೆಯುತ್ತಿದ್ದರಂತೆ! ಪೈ ಎಲ್ಲಿಂದ ಬಂತೆಂದು ನನಗೆ ಆಗ ಹೊಳೆಯಿತು.

ಅಣಬೆಗಳ ಮೇಲೂ ಅವಳಿಗೆ ಇದೇ ಹುಚ್ಚು. ಅವುಗಳ ಬೀಜಕಣ ಮೊಳೆಯುವ ಬಗ್ಗೆ ಬರೆದ ಪ್ರಬಂಧವನ್ನು 1897ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಅವಳ ಪರವಾಗಿ ಬೇರೊಬ್ಬರು ಮಂಡಿಸಬೇಕಾಯಿತು. ಆ ಸಭೆಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಪ್ರಬಂಧ ಅಚ್ಚಾಗಲೂ ಇಲ್ಲ.

ಪೀಟರನ ಕತೆ ಮೊದಲು ಬರೀ ಒಂದು ಕಾಗದ. ತನಗೆ ಹಿಂದೆ ಪಾಠ ಹೇಳಿದ್ದ ಆನಿ ಮೂರ್ ಅವರ ಐದು ವರ್ಷದ ಮಗ ನೋಯೆಲ್ ಕಾಯಿಲೆ ಮಲಗಿದ್ದಾಗ, 1893ರ ಸೆಪ್ಟೆಂಬರಿನಲ್ಲಿ, ಅವನಿಗೆ ಚಿತ್ರ ಸಮೇತ ಬರೆದದ್ದು. ವರ್ಷಗಳ ಮೇಲೆ ಅದೇ ಕಾಗದವನ್ನು ಎರವಲು ಪಡೆದು ಪುಸ್ತಕ ಮಾಡಿದಳು. ಪ್ರಕಾಶಕರು ಒಬ್ಬರ ಹಿಂದೊಬ್ಬರು ಬೇಡವೆಂದರು. 1901ರ ಡಿಸೆಂಬರಿನಲ್ಲಿ ಕೈಯಿಂದ ಹಣ ಹಾಕಿ 250 ಪ್ರತಿ ತೆಗೆಸಿದಳು. (ನಮ್ಮ ಸಂಪಾದಕರು ಇದನ್ನು ಎರಡು ಸಲ ಓದಲಿ.) ಮರುವರ್ಷ ಫ್ರೆಡರಿಕ್ ವಾರ್ನ್ ಸಂಸ್ಥೆ ಬಣ್ಣದ ಚಿತ್ರಗಳೊಡನೆ ತಂದಿತು.

ಚಿತ್ರಗಳನ್ನು ಇಲ್ಲಿ ಕೊಡಲಾಗುತ್ತಿಲ್ಲ. ನಮ್ಮ ಸ್ಟೆನ್ಸಿಲ್ ಮೇಲೆ ಮೊಲದ ಮೀಸೆ ನಿಲ್ಲುವಂತಿಲ್ಲ. ಪುಸ್ತಕ ಸಿಕ್ಕಿದರೆ ಒಂದನ್ನು ಗಮನಿಸಿ. ನೀಲಿ ಕೋಟು ತೊಟ್ಟ ಪೀಟರ್ ಎರಡು ಕಾಲ ಮೇಲೆ ನಡೆಯುತ್ತಾನೆ. ತೋಟದಲ್ಲಿ ಓಡುವಾಗ ಬೂಟುಗಳು ಕಳೆಯುತ್ತವೆ, ನಾಲ್ಕು ಕಾಲಿಗೆ ಇಳಿಯುತ್ತಾನೆ, ಓಟ ಜೋರಾಗುತ್ತದೆ. ಆಮೇಲೆ ಕೋಟಿನ ಗುಂಡಿಯೇ ಬಲೆಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ಕಳಚಿ ಬಿಟ್ಟಾಗಲೇ ಜೀವ ಉಳಿಯುವುದು. ಅಂದರೆ ಬಟ್ಟೆ ಇರುವ ತನಕ ಅವನು ನಮ್ಮ ಹಾಗೆ ಹುಡುಗ, ಹೋದ ಕೂಡಲೇ ಮೊಲ. ಮೊಲದ ಎಲುಬು ಕಂಡವಳಿಗಲ್ಲದೆ ಇದು ಸಾಧ್ಯವಿಲ್ಲವೆಂದು ನನ್ನ ಅಭಿಪ್ರಾಯ. ಇವಳನ್ನು ಮುದ್ದುಮುದ್ದು ಕತೆಗಾರ್ತಿ ಎನ್ನುವವರು ಪೈಯನ್ನು ಮರೆತಿದ್ದಾರೆ.

ಮುಂದಿನದು ಚುಟುಕಾಗಿ. ಪ್ರಕಾಶಕರ ಮನೆಯ ನಾರ್ಮನ್ ವಾರ್ನ್ ಜೊತೆ 1905ರ ಜುಲೈಯಲ್ಲಿ ಮದುವೆಗೆ ಒಪ್ಪಿದಳು. ವ್ಯಾಪಾರಸ್ಥರ ಸಂಬಂಧ ಬೇಡವೆಂದು ಹೆತ್ತವರ ವಿರೋಧ. ಆಗಸ್ಟಿನಲ್ಲಿ ಅವನು ತೀರಿಕೊಂಡ. ಅದೇ ವರ್ಷ ಲೇಕ್ ಡಿಸ್ಟ್ರಿಕ್ಟಿನ ಹಿಲ್ ಟಾಪ್ ಹೊಲಮನೆಯನ್ನು ಕೊಂಡಳು. 1913ರಲ್ಲಿ ವಕೀಲ ವಿಲಿಯಂ ಹೀಲಿಸರನ್ನು ಮದುವೆಯಾಗಿ ಹರ್ಡ್‌ವಿಕ್ ಕುರಿಗಳನ್ನು ಸಾಕುತ್ತ, ಬರವಣಿಗೆ ಕಡಿಮೆ ಮಾಡಿದಳು. 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಹೆಚ್ಚು ನೆಲವನ್ನು ನ್ಯಾಷನಲ್ ಟ್ರಸ್ಟಿಗೆ ಬಿಟ್ಟಿದ್ದಳು.

ಮೊನ್ನೆ ಹುಡುಗ ಮತ್ತೆ ಅದೇ ಕತೆ ಕೇಳಿದ. ಈ ಸಲ ಪೈಯನ್ನು ಪೈ ಎಂದೇ ಹೇಳಿದೆ. “ಅವರಪ್ಪ ಬರೂದಿಲ್ಲ, ಸತ್ತುಹೋದ” ಎಂದೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಈ ಪೀಟರ್ ಯಾಕ ಮತ್ತ ಅಲ್ಲಿಗೇ ಹೋದ?” ಅಂದ.